ಅರ್ಧ ಇಲ್ಲಿ, ಅರ್ಧ ಅಲ್ಲಿ ಅನ್ನುವವರಿಗೆ

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಯಾವ ಹೆಂಗಸಿನ ಕೈಗಾದರೂ ನಾಲ್ಕು ಕಾಸು ಬಂತು ಅಂತಾದರೆ ಸಾಕು. ತವರುಮನೆ ಪಾಲು ಇರಬಹುದು, ಗಂಡನ ಗ್ರಾಚ್ಯುಟಿ ಇರಬಹುದು, ಎರಡು ವರ್ಷ ಇಟ್ಟ ಮಹಿಳಾ ಸಮ್ಮಾನ್ ಪತ್ರದ ಹಣ ಇರಬಹುದು. ಅವಳು ಕೈ ತೊಳೆದು ಬರುವುದರೊಳಗೆ ಜಗಲಿಯಲ್ಲಿ ಕೂತವರ ತೀರ್ಪು ಆಗಿರ್ತದೆ. “ಅರ್ಧ ಪೋಸ್ಟಾಫೀಸಿಗೆ ಹಾಕಿ, ಅರ್ಧ ಸೊಸೈಟಿಗೆ ಹಾಕಿ. ಎರಡೂ ಕಡೆ ಆಯ್ತಲ್ಲ, ಮುಗೀತು.”

ಎಂತ ಮುಗೀತು? ಅರ್ಧ ಅಂತ ಯಾರು ಹೇಳಿದ್ದು? ಯಾವ ಲೆಕ್ಕದಲ್ಲಿ ಅರ್ಧ ಬಂತು? ಕೇಳಿ ನೋಡಿ, ಉತ್ತರ ಇಲ್ಲ. ಇಬ್ಬರು ಮಕ್ಕಳಿಗೆ ಒಂದು ಹೋಳಿಗೆ ಇದ್ದರೆ ಅರ್ಧ ಮಾಡಿ ಕೊಡುದು ಸರಿ, ಇಲ್ಲದಿದ್ದರೆ ಅಳ್ತಾವೆ. ಪೋಸ್ಟಾಫೀಸೂ ಸೊಸೈಟಿಯೂ ನಮ್ಮ ಹಣಕ್ಕೆ ಅಳುವ ಮಕ್ಕಳಾ? ಅರ್ಧ ಅನ್ನುದು ಲೆಕ್ಕ ಅಲ್ಲ ಮಾರಾಯ್ತಿ, ಲೆಕ್ಕ ಮಾಡ್ಲಿಕ್ಕೆ ಉದಾಸೀನ ಆದವರು ಹೇಳುವ ಮಾತು.

ನಾನು ಓದಿದ್ದು ಪಿಯುಸಿ ಅಷ್ಟೇ. ಆದರೆ ಇದಕ್ಕೆ ಪಿಯುಸಿಯೂ ಬೇಡ, ಹೈಸ್ಕೂಲಿನ ಬೀಜಗಣಿತ ಧಾರಾಳ ಸಾಕು. ನೆನಪುಂಟಾ, ಪುಸ್ತಕದಲ್ಲಿ ಒಂದು ಲೆಕ್ಕ ಬರ್ತಿತ್ತು: ಒಬ್ಬನ ಹತ್ತಿರ ಇಷ್ಟು ಹಣ ಉಂಟು, ಸ್ವಲ್ಪ ಒಂದು ದರದಲ್ಲಿ, ಉಳಿದದ್ದು ಇನ್ನೊಂದು ದರದಲ್ಲಿ ಇಟ್ಟ, ವರ್ಷದ ಬಡ್ಡಿ ಇಷ್ಟು ಬಂತು, ಹಾಗಾದರೆ ಎಲ್ಲೆಲ್ಲಿ ಎಷ್ಟೆಷ್ಟು? ಯಾವಾಗಲೂ ‘ಒಬ್ಬನ’ ಹತ್ತಿರವೇ ಹಣ, ‘ಒಬ್ಬಳ’ ಹತ್ತಿರ ಒಂದು ಸಲವೂ ಇರ್ಲಿಲ್ಲ. ಅದು ಇರಲಿ. “ಈ ಎಕ್ಸ್ ವೈ ಎಲ್ಲ ಅಡುಗೆ ಮನೆಗೆ ಎಂತಕ್ಕೆ” ಅಂತ ನಗಾಡಿದವರು ನಾವೇ. ನಾನು ಹೇಳುದು, ಆ ಪುಸ್ತಕದಲ್ಲಿ ಹೆಂಗಸರ ಬದುಕಿಗೆ ನೇರ ಉಪಯೋಗಕ್ಕೆ ಬರುವ ಲೆಕ್ಕ ಅಂತ ಒಂದು ಇದ್ದರೆ ಅದು ಅದೇ.

ಒಂದು ನಿಜದ ಲೆಕ್ಕವನ್ನೇ ಹಿಡಿಯುವ. ನಮ್ಮ ಸಂತೆಕಟ್ಟೆಯಲ್ಲೇ, ನನಗೆ ಬೇಕಾದವಳು ಒಬ್ಬಳು. ವಯಸ್ಸು 56, ಗಂಡ ಹೋಗಿ ಒಂದು ವರ್ಷ ಆಯ್ತು. ಎಲ್ಲ ಸೇರಿ ಕೈಯಲ್ಲಿ 10 ಲಕ್ಷ ಉಂಟು. ಅಕ್ಕಿ ಮಗನ ಕಡೆಯಿಂದ ಬರ್ತದೆ, ಮನೆ ಸ್ವಂತದ್ದು. ಗ್ಯಾಸು, ಕರೆಂಟು, ಹಾಲು, ಮೀನು, ಬಿಪಿ ಮಾತ್ರೆ, ಮದುವೆ ಮುಂಜಿಗೆ ಕೊಡುವ ಉಡುಗೊರೆ ಎಲ್ಲ ಬರೆದು ಕೂಡಿಸಿದರೆ ತಿಂಗಳಿಗೆ 6,500 ರೂಪಾಯಿ ಬಡ್ಡಿ ಬಂದರೆ ಅವಳಿಗೆ ಯಾರ ಹತ್ತಿರವೂ ಕೈ ಚಾಚುವುದು ಬೇಡ. ವರ್ಷಕ್ಕೆ 78,000. ಈ ಅಂಕೆಯನ್ನು ಗಟ್ಟಿ ಹಿಡ್ಕೊಳ್ಳಿ. ಜಗಲಿಯಲ್ಲಿ ಕೂತವರು ಯಾರೂ ಅವಳ ಹತ್ತಿರ ಕೇಳದ ಅಂಕೆ ಇದೊಂದೇ.

ಪೋಸ್ಟಾಫೀಸಿನ ಮಾಸಿಕ ಆದಾಯ ಯೋಜನೆ, ಎಂಐಎಸ್ ಅಂತ ಹೇಳ್ತೇವಲ್ಲ, ಅದರಲ್ಲಿ ಬಡ್ಡಿ 7.4. ಅವಳಿಗೆ ಹೇಳಿದ ಸೊಸೈಟಿಯಲ್ಲಿ 9. ಈಗ ಲೆಕ್ಕಕ್ಕೆ ಕೂರುವ.

ಸೊಸೈಟಿಗೆ ಹಾಕುವ ಹಣ ಎಕ್ಸ್. ಹಾಗಾದರೆ ಪೋಸ್ಟಾಫೀಸಿಗೆ ಉಳಿಯುದು 10 ಲಕ್ಷದಲ್ಲಿ ಎಕ್ಸ್ ಕಳೆದು ಎಷ್ಟೋ ಅಷ್ಟು. ಎಕ್ಸ್‌ಗೆ 9 ಪರ್ಸೆಂಟ್, ಉಳಿದದ್ದಕ್ಕೆ 7.4 ಪರ್ಸೆಂಟ್, ಎರಡೂ ಕೂಡಿದರೆ 78,000 ಆಗಬೇಕು. ಇಷ್ಟೇ ಸಮೀಕರಣ. ಇದನ್ನು ಬಿಡಿಸ್ಲಿಕ್ಕೆ ಹೆದರಿಕೆ ಆಗುವವರಿಗೆ ಬಾಯಿಲೆಕ್ಕದಲ್ಲಿ ಹೇಳ್ತೇನೆ, ಎರಡೂ ಒಂದೇ. ಮೊದಲು ಪೂರ್ತಿ 10 ಲಕ್ಷವನ್ನು ಪೋಸ್ಟಾಫೀಸಿನಲ್ಲೇ ಇಟ್ಟ ಹಾಗೆ ಯೋಚನೆ ಮಾಡಿ. ವರ್ಷಕ್ಕೆ 74,000 ಬರ್ತದೆ. ಬೇಕಾದದ್ದು 78,000. ಕೊರತೆ 4,000. ಪೋಸ್ಟಾಫೀಸಿನಿಂದ ಸೊಸೈಟಿಗೆ 100 ರೂಪಾಯಿ ದಾಟಿಸಿದರೆ ವರ್ಷಕ್ಕೆ ಜಾಸ್ತಿ ಸಿಗುದು 9ರಲ್ಲಿ 7.4 ಕಳೆದು 1.6 ರೂಪಾಯಿ. ಹಾಗಾದರೆ 4,000 ಕೊರತೆ ತುಂಬ್ಲಿಕ್ಕೆ ಎಷ್ಟು ದಾಟಿಸಬೇಕು? 4,000ವನ್ನು 1.6ರಿಂದ ಭಾಗಿಸಿ, ನೂರರಿಂದ ಗುಣಿಸಿ. 2,50,000.

ಅಂದರೆ ಎರಡೂವರೆ ಲಕ್ಷ ಸೊಸೈಟಿಗೆ, ಏಳೂವರೆ ಲಕ್ಷ ಪೋಸ್ಟಾಫೀಸಿಗೆ. ಸರಿ ಉಂಟಾ ಅಂತ ತಾಳೆ ನೋಡಿ. ಏಳೂವರೆ ಲಕ್ಷಕ್ಕೆ 7.4ರ ಹಾಗೆ 55,500. ಎರಡೂವರೆ ಲಕ್ಷಕ್ಕೆ 9ರ ಹಾಗೆ 22,500. ಕೂಡಿದರೆ 78,000. ತಿಂಗಳಿಗೆ 4,625 ಒಂದು ಕಡೆಯಿಂದ, 1,875 ಇನ್ನೊಂದು ಕಡೆಯಿಂದ, ಸರಿಯಾಗಿ 6,500. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಹತ್ತು ನಿಮಿಷದ ಕೆಲಸ.

ಇನ್ನು ಜಗಲಿಯವರ ಅರ್ಧ-ಅರ್ಧ ಎಂತ ಕೊಡ್ತದೆ ನೋಡುವ. ಐದು ಲಕ್ಷಕ್ಕೆ 37,000, ಇನ್ನೈದಕ್ಕೆ 45,000, ಒಟ್ಟು 82,000. “ನೋಡಿ, ನಾಲ್ಕು ಸಾವಿರ ಜಾಸ್ತಿ ಬಂತಲ್ಲ!” ಅಂತ ಹೇಳ್ತಾರೆ. ಬಂತು. ತಿಂಗಳಿಗೆ 333 ರೂಪಾಯಿ. ಅವಳಿಗೆ ಬೇಕಿಲ್ಲದ ಆ 333 ರೂಪಾಯಿಗೆ ಇನ್ನೂ ಎರಡೂವರೆ ಲಕ್ಷವನ್ನು ಸೊಸೈಟಿಯ ಕಡೆಗೆ ತಳ್ಳಿ ಆಯ್ತು. ಈ ಬೆಲೆಗೆ ಈ ವ್ಯಾಪಾರ ಮಾಡ್ತೀರಾ ಅಂತ ಬಿಡಿಸಿ ಕೇಳಿದರೆ ನಮ್ಮಲ್ಲಿ ಒಬ್ಬಳೂ ಹ್ಞೂಂ ಅನ್ನುದಿಲ್ಲ. ಬಸಳೆ ಕಟ್ಟಿಗೆ ಐದು ರೂಪಾಯಿ ಜಾಸ್ತಿ ಆದರೆ ಸಂತೆ ಪೂರ್ತಿ ಸುತ್ತಿ ಬರುವವರು ನಾವು. ಆದರೆ ಯಾರೂ ಹಾಗೆ ಬಿಡಿಸಿ ಕೇಳುದಿಲ್ಲ, “ಇಲ್ಲಿ ಸೈನ್ ಹಾಕಿ ಅತ್ತಿಗೆ” ಅಂತ ಕೇಳ್ತಾರೆ.

ಸೊಸೈಟಿಯಲ್ಲಿ ಇಟ್ಟರೆ ಎಂತ ಆಗ್ತದೆ, ನಮ್ಮವರೇ ಅಲ್ವಾ ಅಂತ ಕೇಳುವವರಿಗೆ ಎರಡು ಮಾತು. ಒಳ್ಳೆಯ ಸೊಸೈಟಿಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಉಂಟು, ಕಷ್ಟಕ್ಕೆ ಸಾಲ ಕೊಟ್ಟು ಕೈಹಿಡಿದದ್ದೂ ಉಂಟು, ಅದನ್ನು ಇಲ್ಲ ಅನ್ನುದಿಲ್ಲ. ಆದರೆ ವ್ಯತ್ಯಾಸ ಗೊತ್ತಿರಬೇಕು. ಪೋಸ್ಟಾಫೀಸಿನ ಹಣಕ್ಕೆ ಕೇಂದ್ರ ಸರಕಾರವೇ ಹೊಣೆ. ಬ್ಯಾಂಕು ಮುಳುಗಿದರೆ, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಉಂಟು. ಕ್ರೆಡಿಟ್ ಕೋ-ಆಪರೇಟಿವ್ ಸೊಸೈಟಿಗೆ ಆ ವಿಮೆ ಇಲ್ಲವೇ ಇಲ್ಲ. ಬೋರ್ಡಿನಲ್ಲಿ ‘ಸಹಕಾರಿ’ ಅಂತ ಇದ್ದ ಮಾತ್ರಕ್ಕೆ ಅದು ಬ್ಯಾಂಕ್ ಆಗುದಿಲ್ಲ. ಇದನ್ನು ನಮಗೆ ಯಾರೂ ಹೇಳುದಿಲ್ಲ, ನಾವೂ ಕೇಳುದಿಲ್ಲ.

ವಿಮೆ ಇದ್ದ ಕಡೆಯೇ ಎಂತ ಆಯ್ತು ಅಂತ ಬೆಂಗಳೂರಿನಲ್ಲಿ ಮಕ್ಕಳ ಮನೆ ಇದ್ದವರಿಗೆ ಗೊತ್ತು. ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಕಡಿವಾಣ ಹಾಕಿತು. ಒಂದು ಖಾತೆಯಿಂದ 35,000 ಮಾತ್ರ ತೆಗಿಯಬಹುದು ಅಂತ ಆಯ್ತು. ನಿವೃತ್ತಿ ಹಣ ಪೂರ್ತಿ ಅಲ್ಲೇ ಇಟ್ಟ ಎಷ್ಟೋ ಹಿರಿಯರು ಬಾಗಿಲ ಮುಂದೆ ನಿಂತದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಆಗ ವಿಮೆ ಇದ್ದದ್ದು ಬರೀ 1 ಲಕ್ಷ, ಅದರ ಮರು ತಿಂಗಳು ಫೆಬ್ರವರಿಯಲ್ಲಿ 5 ಲಕ್ಷಕ್ಕೆ ಏರಿಸಿದರು. ಅವರೆಲ್ಲ ಬುದ್ಧಿ ಇಲ್ಲದವರಲ್ಲ. ಓದಿದವರು, ಲೆಕ್ಕ ಬರುವವರು. ಅವರನ್ನು ಬಯ್ಲಿಕ್ಕೆ ನಾನು ಇದನ್ನು ಹೇಳುದಲ್ಲ. ಹಣ ಎಲ್ಲಿ ಸಿಕ್ಕಿ ಬೀಳ್ತದೆ ಅಂತ ಮೊದಲೇ ಗೊತ್ತಾಗುದಿಲ್ಲ, ಎಷ್ಟು ಸಿಕ್ಕಿ ಬೀಳಬಹುದು ಅನ್ನುದನ್ನು ಮಾತ್ರ ಮೊದಲೇ ನಿಶ್ಚಯ ಮಾಡ್ಲಿಕ್ಕಾಗ್ತದೆ. ನಮ್ಮ ಎಕ್ಸ್ ಮಾಡುದು ಅದೇ ಕೆಲಸ.

ಈಗ ನನಗೆ ಭಾರೀ ಖುಷಿ ಕೊಡುವ ಒಂದು ವಿಷಯ. ಯಾರೋ ಬಂದು, “9 ಎಂತದು ಅಕ್ಕ, ನಮ್ಮಲ್ಲಿ 12 ಕೊಡ್ತೇವೆ” ಅಂತ ಹೇಳಿದ ಅಂತ ಇಟ್ಕೊಳ್ಳಿ. ಸಾಮಾನ್ಯ ಎಂತ ಮಾಡ್ತಾರೆ? ಇದ್ದದ್ದೆಲ್ಲ ಗುಡಿಸಿ ಅಲ್ಲಿಗೆ ಹಾಕ್ತಾರೆ. ಲೆಕ್ಕ ಎಂತ ಹೇಳ್ತದೆ? ಕೊರತೆ ಅದೇ 4,000. ವ್ಯತ್ಯಾಸ ಈಗ 12ರಲ್ಲಿ 7.4 ಹೋಗಿ 4.6. ಭಾಗಿಸಿದರೆ 87 ಸಾವಿರದ ಹತ್ತಿರ. ಬಡ್ಡಿ ಏರಿದ ಹಾಗೆ ಅಲ್ಲಿ ಹಾಕಬೇಕಾದ ಹಣ ಕಡಿಮೆ ಆಗ್ತಾ ಬಂತು! ಎರಡೂವರೆ ಲಕ್ಷದಿಂದ 87 ಸಾವಿರಕ್ಕೆ ಇಳಿಯಿತು. ಜಾಸ್ತಿ ಬಡ್ಡಿ ಅಂದರೆ ಕಡಿಮೆ ಹಣ ಸಾಕು ಅಂತ ಅರ್ಥ. ಊರಿಗೆ ಊರೇ ಇದನ್ನು ಉಲ್ಟಾ ಮಾಡ್ತದೆ. ಅಷ್ಟು ಬಡ್ಡಿ ಕೊಡ್ಲಿಕ್ಕೆ ಅವನು ಆ ಹಣವನ್ನು ಯಾರಿಗೆ, ಎಷ್ಟು ಬಡ್ಡಿಗೆ ಕೊಡ್ತಾನೆ ಅನ್ನುವ ಪ್ರಶ್ನೆ ಬೇರೆ ಉಂಟು, ಅದಕ್ಕೆ ಹೋದರೆ ಇವತ್ತು ಅಡುಗೆ ಆಗ್ಲಿಕ್ಕಿಲ್ಲ.

ಎಕ್ಸ್ ಇನ್ನೊಂದು ಉಪಕಾರ ಮಾಡ್ತದೆ, ಆಗದ್ದನ್ನು ಆಗುದಿಲ್ಲ ಅಂತ ಮುಖಕ್ಕೆ ಹೇಳ್ತದೆ. ನನ್ನ ಓರಗಿತ್ತಿ ಇದೇ 10 ಲಕ್ಷದ ಲೆಕ್ಕ ಕೇಳಿ, “ನನಗಾದರೆ ತಿಂಗಳಿಗೆ 8,000 ಬೇಕಪ್ಪ” ಅಂದಳು. ಸರಿ, ವರ್ಷಕ್ಕೆ 96,000. ಕೊರತೆ 22,000. 1.6ರಿಂದ ಭಾಗಿಸಿದರೆ ಎಕ್ಸ್ ಬರುದು 13,75,000. ಕೈಯಲ್ಲಿ ಇರುದೇ 10 ಲಕ್ಷ, ಸೊಸೈಟಿಗೆ ಹದಿಮೂರು ಮುಕ್ಕಾಲು ಎಲ್ಲಿಂದ ಹಾಕುದು? ಅಂದರೆ ಈ ಎರಡು ದರದಲ್ಲಿ 8,000 ಬರುದಿಲ್ಲ, ಹೇಗೆ ಹಂಚಿದರೂ ಇಲ್ಲ. ಖರ್ಚು ಇಳಿಸಬೇಕು, ಇಲ್ಲವೇ ಅಸಲಿನಿಂದ ಸ್ವಲ್ಪ ಸ್ವಲ್ಪ ತಿನ್ನಬೇಕು. “ನಾನು ತಂದು ಕೊಡ್ತೇನೆ” ಅಂತ ಯಾರಾದರೂ ಹೇಳಿದರೆ ಅವನ ಹತ್ತಿರ ಕಾಗದ ಪೆನ್ಸಿಲ್ ಕೊಟ್ಟು ಎಕ್ಸ್ ಬಿಡಿಸ್ಲಿಕ್ಕೆ ಹೇಳಿ.

60 ದಾಟಿದ ದೊಡ್ಡಮ್ಮ, ಅತ್ತೆಯಂದಿರು ಇಲ್ಲಿ ಸ್ವಲ್ಪ ಕಿವಿ ಕೊಡಿ. ನಿಮಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಉಂಟು, ಪೋಸ್ಟಾಫೀಸಿನಲ್ಲೂ ಬ್ಯಾಂಕಿನಲ್ಲೂ ಮಾಡಬಹುದು, 30 ಲಕ್ಷದವರೆಗೆ. ಬಡ್ಡಿ 8.2, ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳ್ತದೆ. 10 ಲಕ್ಷಕ್ಕೆ ವರ್ಷಕ್ಕೆ ಎಷ್ಟಾಯ್ತು? 82,000. ಎಲ್ಲೋ ಕೇಳಿದ ಅಂಕೆ ಅಲ್ವಾ? 7.4 ಮತ್ತು 9ರ ನಡು ಅಂದರೆ 8.2. ಜಗಲಿಯವರು ಅರ್ಧ ಹಣವನ್ನು ವಿಮೆ ಇಲ್ಲದ ಕಡೆ ಹಾಕಿಸಿ ತರುವ ಅದೇ 82,000ವನ್ನು ಸರಕಾರ ಪೂರ್ತಿ ಹೊಣೆ ಹೊತ್ತು ಕೊಡ್ತದೆ. 60 ಆದವರಿಗೂ ಅರ್ಧ-ಅರ್ಧ ಹೇಳಿದವರು ನಮ್ಮ ಊರಿನಲ್ಲಿ ಇದ್ದಾರೆ. ಅವರ ಮುಖ ನೋಡಿ ನಾನು ಸುಮ್ಮನಾದದ್ದು ಅತಿಥಿ ಸತ್ಕಾರಕ್ಕೆ.

ಈಗ ನಮ್ಮವರದ್ದೇ ಒಂದು ಮಾತು, ನನಗೆ ಗಂಡಸರ ಮಾತಿಗಿಂತ ಜಾಸ್ತಿ ಸಿಟ್ಟು ಬರಿಸುವಂಥದ್ದು. “ನನಗೆ ಲೆಕ್ಕ ಎಲ್ಲ ಬರುದಿಲ್ಲಪ್ಪ.” ಹೌದಾ? ಶಂಕರಪುರದ ಕಡೆ ಮಲ್ಲಿಗೆ ಕಟ್ಟುವವರನ್ನು ನೋಡಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಟಿವಿ ನೋಡ್ತಾ, ಮಾತಾಡ್ತಾ, ಒಲೆಯ ಮೇಲಿನ ಹಾಲಿಗೆ ಒಂದು ಕಣ್ಣಿಟ್ಟು 800ರ ಎಣಿಕೆ ತಪ್ಪದ ಹಾಗೆ ಕಟ್ತಾರೆ. ಇವತ್ತಿನ ಅಟ್ಟೆಯ ರೇಟಿಗೆ ಎರಡೂಕಾಲು ಚೆಂಡಿಗೆ ಎಷ್ಟು ಅಂತ ಕೇಳಿ, ನೀವು ಮೊಬೈಲ್ ತೆಗೆಯುದರೊಳಗೆ ಹೇಳ್ತಾರೆ. ಇವರಿಗೆ ಲೆಕ್ಕ ಬರುದಿಲ್ಲ! ಎಂಟು ಜನಕ್ಕೆ ನೆನೆಹಾಕುವ ಅಕ್ಕಿ ಉದ್ದನ್ನು ಹದಿಮೂರು ಜನಕ್ಕೆ ಏರಿಸುವವಳಿಗೆ ಬೀಜಗಣಿತ ಗೊತ್ತಿಲ್ಲ ಅಂತಲ್ಲ, ಅದರ ಹೆಸರು ಬೀಜಗಣಿತ ಅಂತ ಗೊತ್ತಿಲ್ಲ.

ಇದು ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಕ್ಕೆ ಜಾಗ ಉಂಟು. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಪುಸ್ತಕದ ಹೆಸರೇ ಒಬ್ಬ ಹೆಂಗಸಿನದ್ದು, ಲೀಲಾವತಿ. ಅವಳು ಅವನ ಮಗಳು ಅಂತ ಕತೆ. ಅದರಲ್ಲಿ ಒಂದು ಲೆಕ್ಕ ಹೀಗುಂಟು: 94 ನಿಷ್ಕ ಹಣವನ್ನು ಮೂರು ಪಾಲು ಮಾಡಿ ಬಡ್ಡಿಗೆ ಕೊಟ್ಟಿದೆ. ಒಂದಕ್ಕೆ ತಿಂಗಳಿಗೆ ನೂರಕ್ಕೆ 5, ಇನ್ನೊಂದಕ್ಕೆ 3, ಮತ್ತೊಂದಕ್ಕೆ 4. ಮೊದಲನೆಯದ್ದು 7 ತಿಂಗಳಲ್ಲಿ, ಎರಡನೆಯದ್ದು 10 ತಿಂಗಳಲ್ಲಿ, ಮೂರನೆಯದ್ದು 5 ತಿಂಗಳಲ್ಲಿ ಸಮ ಸಮ ಬಡ್ಡಿ ತಂದವು. ಪಾಲು ಎಷ್ಟೆಷ್ಟು? ಉತ್ತರ 24, 28, 42. ಒಂದೊಂದರ ಬಡ್ಡಿ ಹಾಕಿ ನೋಡಿ, ಮೂರಕ್ಕೂ 8.4 ಬರ್ತದೆ. ಪಾಲು ಮೂರೂ ಬೇರೆ ಬೇರೆ, ಗಮನಿಸಿ. ಭಾಸ್ಕರಾಚಾರ್ಯ ಲೀಲಾವತಿಗೆ “ಮೂರು ಸಮ ಪಾಲು ಮಾಡು, ಮುಗೀತು” ಅಂತ ಹೇಳ್ಲಿಲ್ಲ. ಕೂತು ಲೆಕ್ಕ ಮಾಡು ಅಂದ.

ಮತ್ತೆ ನಮ್ಮ ಉಡುಪಿಯವರಿಗೆ ಹಣದ ವಿಷಯದಲ್ಲಿ ನಾಚಿಕೆ ಎಂತಕ್ಕೆ ಅಂತ ನನಗೆ ಅರ್ಥ ಆಗುದಿಲ್ಲ. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಇಲ್ಲೇ ಹುಟ್ಟಿದ್ದು, 1925ರಲ್ಲಿ ಸಿಂಡಿಕೇಟ್ ಇಲ್ಲೇ. 1928ರಲ್ಲಿ ಪಿಗ್ಮಿ ಶುರು ಆದಾಗ ದಿನಕ್ಕೆ ಎರಡಾಣೆ ಸಾಕಿತ್ತು, ಮನೆ ಬಾಗಿಲಿಗೆ ಬಂದು ತಕ್ಕೊಂಡು ಹೋಗ್ತಿದ್ದರು. ಎರಡೂ ಬ್ಯಾಂಕಿನ ಹೆಸರು 2020ರ ಏಪ್ರಿಲ್ ಒಂದಕ್ಕೆ ಬೋರ್ಡಿನಿಂದ ಇಳಿಯಿತು, ಒಂದು ಯೂನಿಯನ್‌ನಲ್ಲಿ, ಒಂದು ಕೆನರಾದಲ್ಲಿ ಸೇರಿತು. ಆದರೆ ಸಾಸಿವೆ ಡಬ್ಬಿಯಲ್ಲಿ ಉಳಿಸಿ ಪಿಗ್ಮಿಗೆ ಹಾಕಿದ ಅಜ್ಜಿಯಂದಿರ ಮೊಮ್ಮಕ್ಕಳು ನಾವು. ಉಳಿಸ್ಲಿಕ್ಕೆ ಗೊತ್ತುಂಟು, ಹಂಚ್ಲಿಕ್ಕೆ ಮಾತ್ರ ಇನ್ನೊಬ್ಬರು ಬೇಕು ಅಂದರೆ ಹೇಗೆ?

“ಮಾಣಿ ನೋಡ್ಕೊಳ್ತಾನೆ, ಮೊಬೈಲಿನಲ್ಲಿ ಎಲ್ಲ ಬರ್ತದೆ” ಅನ್ನುವವರೂ ಇದ್ದಾರೆ. ಬರ್ತದೆ. ಭಾಗಾಕಾರ ಮೊಬೈಲೇ ಮಾಡಲಿ, ನನ್ನ ತಕರಾರಿಲ್ಲ. ಆದರೆ ನಿಮಗೆ ತಿಂಗಳಿಗೆ ಎಷ್ಟು ಬೇಕು ಅಂತ ಮೊಬೈಲಿಗೆ ಗೊತ್ತಿಲ್ಲ, ಮಾಣಿಗೂ ಗೊತ್ತಿಲ್ಲ. ಬಿಪಿ ಮಾತ್ರೆ ಮುಗಿದು ಮೂರು ದಿನ ಆದರೂ ಅವನಿಗೆ ಫೋನ್ ಮಾಡದೆ ಕೂತದ್ದು ನಿಮಗೆ ಮಾತ್ರ ಗೊತ್ತು. ಕೆಲಸ ಮಾಡಿಸುವ ಏಜೆಂಟರಿಗೆ ಕಮಿಷನ್ ಉಂಟು, ಅದು ಅವರ ದುಡಿಮೆ, ತಪ್ಪಲ್ಲ. ಆದರೆ ಅವರ ಲೆಕ್ಕ ಶುರುವಾಗುದು ನೀವು ಎಷ್ಟು ಹಾಕ್ತೀರಿ ಅನ್ನುವಲ್ಲಿಂದ, ನಿಮಗೆ ಎಷ್ಟು ಬೇಕು ಅನ್ನುವಲ್ಲಿಂದ ಅಲ್ಲ.

ಎಂಐಎಸ್ ಐದು ವರ್ಷದ್ದು. ಇಟ್ಟ ದಿನದ ಬಡ್ಡಿಯೇ ಐದು ವರ್ಷವೂ ಸಿಗ್ತದೆ, ಆದರೆ ಹೊಸದಾಗಿ ಇಡುವವರಿಗೆ ಸರಕಾರ ಮೂರು ತಿಂಗಳಿಗೊಮ್ಮೆ ದರ ಹೇಳ್ತದೆ. ಹಾಗಾಗಿ ನಾನು ಬರೆದ 7.4ನ್ನೇ ಹಿಡ್ಕೊಂಡು ಹೋಗಬೇಡಿ, ಅವತ್ತಿನ ದರ ಕೇಳಿ ಹೊಸದಾಗಿ ಎಕ್ಸ್ ತೆಗೀರಿ. ನಡುವೆ ಮುರಿದರೆ ಒಂದರಿಂದ ಮೂರು ವರ್ಷದೊಳಗೆ ಅಸಲಿನಲ್ಲಿ ನೂರಕ್ಕೆ 2, ಆಮೇಲೆ ನೂರಕ್ಕೆ 1 ಕಳೀತಾರೆ. ಆಸ್ಪತ್ರೆ ಖರ್ಚಿಗೆ ಅಂತ ಸ್ವಲ್ಪ ಹಣ ಈ ಲೆಕ್ಕದಿಂದ ಹೊರಗೆ ಇರಲಿ.

ಇನ್ನು ಆ ನನ್ನ ಸಂತೆಕಟ್ಟೆಯವಳು. ಎರಡೂವರೆ ಲಕ್ಷ ಅಂತ ಉತ್ತರ ಬಂದ ಮೇಲೆ ಅವಳು ಸುಮ್ಮನೆ ಕೂರ್ಲಿಲ್ಲ, ಪೆನ್ಸಿಲ್ ನನ್ನ ಕೈಯಿಂದ ತಕ್ಕೊಂಡು ಲೆಕ್ಕವನ್ನು ಹಿಂದಿನಿಂದ ಶುರು ಮಾಡಿದಳು. 6,500ರ ಬದಲು 6,200 ಸಾಕು ಅಂದರೆ? ವರ್ಷಕ್ಕೆ 74,400, ಕೊರತೆ 400, ಎಕ್ಸ್ ಬರೀ 25,000. ತಿಂಗಳಿಗೆ 300 ರೂಪಾಯಿ ಇಳಿಸಿದ್ದಕ್ಕೆ ಎರಡೂಕಾಲು ಲಕ್ಷ ಸೊಸೈಟಿಯಿಂದ ಈಚೆ ಬಂತು. ಎಕ್ಸ್ ಸೊನ್ನೆ ಆಗ್ಲಿಕ್ಕೆ? ತಿಂಗಳಿಗೆ 6,166. “ಇಡೀ ವರ್ಷಕ್ಕೆ ನಾಲ್ಕು ಸಾವಿರದ ಕೊರತೆಗಾ ಇಷ್ಟೆಲ್ಲ ತಲೆಬಿಸಿ? ನನ್ನ ಮಲ್ಲಿಗೆ ಗಿಡ ಎಂತಕ್ಕುಂಟು?” ಅಂದಳು. ಅವಳ ಹಿತ್ತಲಿನಲ್ಲಿ ಹತ್ತು ಹನ್ನೆರಡು ಬುಡ ಉಂಟು, ಹಬ್ಬದ ಸಮಯ ಅಟ್ಟೆಗೆ ರೇಟು ಏರ್ತದಲ್ಲ.

ಎಂಐಎಸ್‌ನಲ್ಲಿ ಒಬ್ಬರ ಹೆಸರಿನಲ್ಲಿ 9 ಲಕ್ಷ ಮಾತ್ರ ಇಡ್ಲಿಕ್ಕಾಗುದು, ಜಂಟಿ ಆದರೆ 15. ಹಾಗಾಗಿ ಮಗಳನ್ನು ಸೇರಿಸಿ ಜಂಟಿ ಖಾತೆ ಮಾಡಿ ಪೂರ್ತಿ 10 ಲಕ್ಷ ಅಲ್ಲೇ ಹಾಕಿದಳು. ಆಸ್ಪತ್ರೆಗೆ ಅಂತ ಅವಳ ಎರಡು ಬಳೆ ಲಾಕರಿನಲ್ಲಿ ಬೇರೆ ಉಂಟು. ಐದು ವರ್ಷ ಕಳೆದು ಈ ಹಣ ಕೈಗೆ ಬರುವಾಗ ಅವಳಿಗೆ 61, ಆಗ ಹಿರಿಯ ನಾಗರಿಕರ ಯೋಜನೆಗೆ ದಾಟುದು ಅಂತ ಕ್ಯಾಲೆಂಡರಿನ ಹಿಂದೆ ಬರೆದು ಇಟ್ಟಿದ್ದಾಳೆ. ಸೊಸೈಟಿಗೆ ಎಷ್ಟು ಹಾಕಿದಿರಿ ಅತ್ತಿಗೆ ಅಂತ ಅವಳ ಮೈದುನ ಮೊನ್ನೆ ಸತ್ಯನಾರಾಯಣ ಪೂಜೆಯ ದಿನ ಕೇಳಿದರಂತೆ. “ಎಕ್ಸ್ ಸೊನ್ನೆ ಬಂತು ಭಾವ” ಅಂತ ಹೇಳಿ ಪಾಯಸ ಬಡಿಸ್ಲಿಕ್ಕೆ ಹೋದಳಂತೆ.